ಲೈಸೆನ್ಸ್ ನೋಟಿಸಿಗೆ ನಾನು ಬರೆದ ಉತ್ತರ

ಮಾಕಳಿಯ ಹತ್ತಿರ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ಬ್ರಾಂದಿ ಮತ್ತು ರಮ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಮಿಸ್ಟ್. ತಯಾರಿಸುವುದು ಎಂದರೆ ದೊಡ್ಡ ಮಾತಾಯಿತು. ಸ್ಪಿರಿಟ್ ಬೇರೆ ಕಡೆಯಿಂದ ಟ್ಯಾಂಕರಿನಲ್ಲಿ ಬರುತ್ತದೆ. ನಾವು ಅದಕ್ಕೆ ಶುದ್ಧ ಮಾಡಿದ ನೀರು ಬೆರೆಸಿ, ಸುಟ್ಟ ಸಕ್ಕರೆಯಿಂದ ಬಣ್ಣ ಕೊಟ್ಟು, ಒಂದಿಷ್ಟು ಎಸೆನ್ಸ್ ಹಾಕಿ, ಬಾಟಲಿಗೆ ತುಂಬಿ ಲೇಬಲ್ ಅಂಟಿಸುತ್ತೇವೆ. ಬೆರಕೆ ಸರಿಯಾಗಿದೆಯೇ ಎಂದು ಅಳೆಯುವುದು ನನ್ನ ಕೆಲಸ. ನಾನು ಕುಡಿಯುವವನಲ್ಲ, ಮೂಸುವವನು. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನನ್ನನ್ನು ಗೌರವದಿಂದ ನೋಡುತ್ತಾರೆ ಎಂದು ಬಹಳ ಕಾಲ ನಂಬಿದ್ದೆ. ಅವರು ನೋಡುತ್ತಿದ್ದದ್ದು ಅಯ್ಯೋ ಪಾಪ ಎಂಬಂತೆ ಎಂದು ಆಮೇಲೆ ತಿಳಿಯಿತು.

ಮನೆಯಲ್ಲಿ ಈ ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ನನ್ನ ತಂದೆ ಸರ್ಕಾರಿ ಸ್ವಾಮ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದ ಫೋರ್‌ಮನ್ ಆಗಿ ನಿವೃತ್ತರಾದವರು. ಪೀಣ್ಯದ ಆಚೆಗಿರುವ ನಮ್ಮ ಬಡಾವಣೆಯೇ ಆ ಕಾರ್ಖಾನೆಯ ನೌಕರರ ಸೊಸೈಟಿಯದು. ಅಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರೆಲ್ಲ ಒಂದು ಕಾಲದಲ್ಲಿ ಒಂದೇ ಸೈರನ್ನಿಗೆ ಎದ್ದವರು. ಕೆಲಸಕ್ಕೆ ಸೇರಿದ ದಿನ ತಂದೆಗೆ ನಾನು, ‘ಬೆವರೇಜಸ್ ಕಂಪನಿ’ ಎಂದೆ. ಸುಳ್ಳೇನಲ್ಲ, ಕಾರ್ಖಾನೆಯ ಬೋರ್ಡಿನ ಮೇಲೂ ಅದೇ ಪದ ಇದೆ. ಅವರು ಅದನ್ನು ಹಣ್ಣಿನ ರಸ ಎಂದು ಅರ್ಥ ಮಾಡಿಕೊಂಡರು. ನಾನು ತಿದ್ದಲಿಲ್ಲ. ಅವರು ಸಂತೋಷದಿಂದ ಬಡಾವಣೆಗೆಲ್ಲ ಹೇಳಿದರು. ಪರಿಣಾಮವಾಗಿ ಯಾರ ಮನೆಯಲ್ಲಿ ನಾಮಕರಣವಾದರೂ, ಗೃಹಪ್ರವೇಶವಾದರೂ, ‘ನಿಮ್ಮ ಹುಡುಗನ ಕಂಪನೀದು ಎರಡು ಕೇಸು ಮ್ಯಾಂಗೋ ಜ್ಯೂಸ್’ ಎಂಬ ಬೇಡಿಕೆ ಬರುತ್ತಿತ್ತು. ನಾನು ದಾಸರಹಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ಜ್ಯೂಸ್ ಕೊಂಡು, ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದು ಕೊಡುತ್ತಿದ್ದೆ. ಒಂದು ಸುಳ್ಳನ್ನು ಇಷ್ಟು ಭಾರ ಹೊತ್ತು ಸಾಕಿದವರು ಕಡಿಮೆ.

ಮದ್ಯದ ಕಾರ್ಖಾನೆಯ ವಿಚಿತ್ರವೆಂದರೆ ಅಲ್ಲಿ ಯಾವುದೂ ಪೂರ್ತಿ ಮಾಲೀಕರದಲ್ಲ. ಸ್ಪಿರಿಟ್ ಇಡುವ ಕೋಣೆಗೆ ಎರಡು ಬೀಗ, ಒಂದು ನಮ್ಮದು, ಇನ್ನೊಂದು ಸರ್ಕಾರದ್ದು. ಸರ್ಕಾರದ ಬೀಗದ ಕೈ ಇಟ್ಟುಕೊಳ್ಳಲು ಅಬಕಾರಿ ಇನ್‌ಸ್ಪೆಕ್ಟರ್ ಒಬ್ಬರಿಗೆ ಕಾರ್ಖಾನೆಯ ಒಳಗೇ ಕೋಣೆ ಇರುತ್ತದೆ. ಲೈಸೆನ್ಸ್ ಒಂದು ವರ್ಷಕ್ಕೆ ಮಾತ್ರ. ಜೂನ್ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಹೊಸದಾಗಿ ಸಿಗದಿದ್ದರೆ ಜುಲೈ ಒಂದರಂದು ನಾವು ಮಾಡುವುದೆಲ್ಲ ಕಳ್ಳಭಟ್ಟಿ.

ಈ ನಿಯಮಗಳನ್ನು ಓದುವ ಚಟ ನನಗೆ ಹೇಗೋ ಅಂಟಿಕೊಂಡಿತ್ತು. ಅವೆನ್ಯೂ ರಸ್ತೆಯಲ್ಲಿ ಹಳೆಯ ಅಬಕಾರಿ ಕಾಯ್ದೆಯ ಪುಸ್ತಕವೊಂದನ್ನು ಕೊಂಡು, ಊಟದ ಬಿಡುವಿನಲ್ಲಿ ಓದಿ, ಗೆರೆ ಎಳೆದು, ಕೇಳದವರಿಗೂ ವಿವರಿಸುತ್ತಿದ್ದೆ. ಸಹೋದ್ಯೋಗಿಗಳು ‘ಲಾಯರ್ ಸಾರ್’ ಎಂದು ಕರೆಯತೊಡಗಿದರು. ಅದನ್ನು ಬಿರುದು ಎಂದು ಸ್ವೀಕರಿಸಿದೆ.

ಎರಡು ವರ್ಷದ ಹಿಂದಿನ ಬೇಸಗೆಯ ಆರಂಭದಲ್ಲಿ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಸಂಸ್ಥೆ ಮೂವರ ಪಾಲುದಾರಿಕೆಯದು. ಯಜಮಾನರು, ಅವರ ಹೆಂಡತಿಯಾದ ನಮ್ಮ ಮೇಡಂ, ತುಮಕೂರಿನಲ್ಲಿ ಅಡಕೆ ಮಂಡಿ ಇಟ್ಟಿದ್ದ ತಮ್ಮ. ಆ ತಮ್ಮ ಕಾರ್ಖಾನೆಯ ಕಡೆ ತಲೆ ಹಾಕಿದವರಲ್ಲ. ಮೇಡಂ ಕೂಡ ಅಲ್ಲಿಯವರೆಗೆ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ಬರುತ್ತಿದ್ದವರು. ಹದಿನೈದನೆಯ ದಿನಕ್ಕೆ ಅವರು ಬಂದು ಗಂಡನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಕುರ್ಚಿಯಲ್ಲಿ ಕೂರಲು ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಪ್ರತಿಯೊಂದು ಕಾಗದವನ್ನೂ ಎತ್ತಿ ಹಿಡಿದು, “ಕೆಮಿಸ್ಟ್ರೇ, ಇದೇನು?” ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ನನ್ನ ಜೀವನದ ಅತ್ಯಂತ ಸುಖದ ದಿನಗಳು ಅವು.

ನವೀಕರಣಕ್ಕೆ ಅರ್ಜಿ ಹಾಕಿದ ಮೇಲೆ ಇಲಾಖೆಯಿಂದ ಒಂದು ನೋಟಿಸ್ ಬಂತು. ನಾಲ್ಕೇ ಸಾಲು. ಪಾಲುದಾರರೊಬ್ಬರು ನಿಧನರಾಗಿರುವುದು ತಿಳಿದುಬಂದಿದೆ, ಸಂಸ್ಥೆಯ ಈಗಿನ ಸ್ಥಿತಿ ಏನೆಂಬುದನ್ನು ದಾಖಲೆಗಳೊಂದಿಗೆ ತಿಳಿಸಿ. ಕೇಳಿದ್ದು ನ್ಯಾಯವಾಗಿಯೇ ಇತ್ತು. ಪಾಲುದಾರಿಕೆ ಪತ್ರದ ಒಂದು ಜೆರಾಕ್ಸ್ ಕಳಿಸಿದ್ದರೆ ಮುಗಿಯುತ್ತಿತ್ತು.

“ಯಾರಾದ್ರೂ ಲಾಯರಿಗೆ ತೋರಿಸೋಣ್ವಾ?” ಎಂದರು ಮೇಡಂ.

“ಇಷ್ಟಕ್ಕೆಲ್ಲಾ ಲಾಯರ್ ಯಾಕೆ ಮೇಡಂ? ನಾನೇ ಬರ್ದುಕೊಡ್ತೀನಿ.”

ಬರೆದೆ. ಮೂರು ದಿನ ಬರೆದೆ. ಸ್ಪಿರಿಟ್ಟಿನ ಸಾಂದ್ರತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಕರಡು ಮಾಡಿದೆ. ಆ ಪತ್ರದ ಎರಡನೆಯ ಪ್ಯಾರಾ ಇವತ್ತಿಗೂ ನನಗೆ ಬಾಯಿಪಾಠ: “ನಮ್ಮ ಮಾನ್ಯ ಯಜಮಾನರು ದೈವಾಧೀನರಾದ ಕ್ಷಣದಲ್ಲಿಯೇ, ಅವರ ಉಸಿರೇ ಆಗಿದ್ದ ಪಾಲುದಾರಿಕೆ ಸಂಸ್ಥೆಯೂ ಅವರೊಂದಿಗೆ ಅಸ್ತಂಗತವಾಗಿ, ಸದರಿ ಲೈಸೆನ್ಸ್ ಎಂಬ ಅಮೂಲ್ಯ ಸ್ವತ್ತು ವಾರಸುದಾರಿಕೆಯ ಮೂಲಕ ಅವರ ಧರ್ಮಪತ್ನಿಯವರಿಗೆ ಸಂದಿರುತ್ತದೆ.”

ಓದಿ ಮೇಡಂ ಕಣ್ಣೊರೆಸಿಕೊಂಡರು. ಅದನ್ನು ನಾನು ಪತ್ರದ ಯಶಸ್ಸು ಎಂದುಕೊಂಡೆ.

ಇಲಾಖೆಯವರಿಗೆ ಕಣ್ಣೀರು ಬರಲಿಲ್ಲ. ಜೂನ್ ಕೊನೆಯ ವಾರ ಆದೇಶ ಬಂತು. ಲೈಸೆನ್ಸ್ ಇದ್ದದ್ದು ಸಂಸ್ಥೆಯ ಹೆಸರಿನಲ್ಲಿ. ಸಂಸ್ಥೆ ಇಲ್ಲವಾಗಿದೆ ಎಂದು ಅರ್ಜಿದಾರರೇ ತಿಳಿಸಿದ್ದಾರೆ. ಇಲ್ಲದ ಸಂಸ್ಥೆಯ ಲೈಸೆನ್ಸನ್ನು ನವೀಕರಿಸಲು ಬರುವುದಿಲ್ಲ. ಪೂರ್ವಾನುಮತಿಯಿಲ್ಲದೆ ಅದು ಇನ್ನೊಬ್ಬರಿಗೆ ಹೋಗಲೂ ಬರುವುದಿಲ್ಲ. ಆದ್ದರಿಂದ ಅರ್ಜಿ ತಿರಸ್ಕೃತ. ಅವರು ನನ್ನ ಮಾತನ್ನು ಅಕ್ಷರಶಃ ನಂಬಿದ್ದರು. ಬದುಕಿನಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ.

ಜುಲೈ ಒಂದರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಅರಗು, ಬಟ್ಟೆ, ದಾರ ಹಿಡಿದುಕೊಂಡು ಗೇಟಿಗೆ ಬಂದರು. ಮಂಡ್ಯ ಕಡೆಯ ಸೌಮ್ಯ ಮನುಷ್ಯ. ನಮ್ಮ ಕಾರ್ಖಾನೆಯ ಟೀಯನ್ನೇ ನಾಲ್ಕು ವರ್ಷ ಕುಡಿದವರು.

“ಏನ್ ಮಾಡ್ಲಿ ಸಾರ್, ಆರ್ಡರ್ರು,” ಎಂದು ನನ್ನ ಹತ್ತಿರವೇ ಬೆಂಕಿಪೊಟ್ಟಣ ಕೇಳಿ ತೆಗೆದುಕೊಂಡು ಅರಗು ಕಾಯಿಸಿದರು. ಸೀಲ್ ಬಿತ್ತು.

ಗೇಟಿನ ಹೊರಗೆ ಲೇಬಲ್ ವಿಭಾಗದ ಹೆಂಗಸರು ನಿಂತಿದ್ದರು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಮಾಕಳಿಯ ಸುತ್ತ ಬಾಡಿಗೆ ರೂಮುಗಳಲ್ಲಿ ಇದ್ದವರು. ಅವರ ಮೇಸ್ತ್ರಿಣಿ ಯಾದಗಿರಿಯವರು, ನಲವತ್ತರ ಆಸುಪಾಸು. ಓಡುವ ಬೆಲ್ಟಿನ ಮೇಲೆ ಲೇಬಲ್ ಒಂದು ಕೂದಲೆಳೆ ಸೊಟ್ಟಗಿದ್ದರೂ ದೂರದಿಂದಲೇ ಕಂಡುಹಿಡಿಯುತ್ತಿದ್ದ ಹೆಂಗಸು. ಅವರ ಗಂಡ ಗಾರೆ ಕೆಲಸದವನು.

“ಎಷ್ಟ ದಿನಾ ಆಗ್ತದ್ರಿ ಸರ?” ಎಂದರು.

“ಹದಿನೈದು ದಿನ ಅಕ್ಕ. ಕೋರ್ಟಿಗೆ ಹಾಕ್ತೀವಿ. ಉದ್ಯೋಗ ಮಾಡೋದು ಮೂಲಭೂತ ಹಕ್ಕು. ಯಾರೂ ತಡೆಯೋಕಾಗಲ್ಲ.”

“ಹಂಗಾದ್ರ ಚಲೋ ಆತು ಬಿಡ್ರಿ,” ಎಂದು ಅವರು ಉಳಿದವರನ್ನು ಕರೆದುಕೊಂಡು ಹೋದರು. ನನ್ನನ್ನು ನಂಬಿದವರ ಪಟ್ಟಿಯಲ್ಲಿ ಅವರು ಎರಡನೆಯವರು.

ಮೇಡಂ ಹುಡುಕಿದ ವಕೀಲರು ವಯಸ್ಸಾದವರು, ಕಡಿಮೆ ಮಾತಿನವರು. ನಾನು ಅವರಿಗೆ ಹನ್ನೊಂದು ಪುಟದ ಟಿಪ್ಪಣಿ ಕೊಟ್ಟೆ. ಲೈಸೆನ್ಸ್ ಆಸ್ತಿಯ ಹಾಗೆ ವಾರಸುದಾರರಿಗೆ ಬರುತ್ತದೆ ಎಂದು ಅದರಲ್ಲಿ ಸಾಧಿಸಿದ್ದೆ. ಟಿಪ್ಪಣಿಯನ್ನೂ ಉತ್ತರದ ಪತ್ರವನ್ನೂ ಆಧಾರವಾಗಿಟ್ಟುಕೊಂಡು ಅವರು ಹೈಕೋರ್ಟಿಗೆ ರಿಟ್ ಅರ್ಜಿ ಸಿದ್ಧಪಡಿಸಿದರು. ಅರ್ಜಿಗೆ ಪ್ರಮಾಣಪತ್ರ ಬೇಕು, ಸಂಸ್ಥೆಯ ಪರವಾಗಿ ಯಾರಾದರೂ ಸಹಿ ಹಾಕಬೇಕು. ಮೇಡಂ ನನ್ನ ಕಡೆ ನೋಡುವ ಮೊದಲೇ ನಾನು ಪೆನ್ ತೆಗೆದಿದ್ದೆ. ನನ್ನ ಹೆಸರು, ಇಂಥವರ ಮಗ, ಇಷ್ಟು ವಯಸ್ಸು, ಮನೆ ನಂಬರು, ಅಡ್ಡರಸ್ತೆ. ಕಾರ್ಖಾನೆಗೆ ಸೀಲ್ ಬಿದ್ದಿರುವುದರಿಂದ ಕಾಗದಪತ್ರ ಮನೆಗೇ ಬರಲಿ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ, ಹೈಕೋರ್ಟಿನ ಕಾಗದದ ಮೇಲೆ ನನ್ನ ಹೆಸರು ಪೂರ್ತಿ ವಿವರಗಳೊಂದಿಗೆ ಇರಲಿ ಎಂಬ ಆಸೆ. ‘ಮೂವತ್ತೆಂಟು ಮಂದಿ ಬಡ ಮಹಿಳೆಯರ ಜೀವನೋಪಾಯ’ ಎಂಬ ಸಾಲನ್ನೂ ಹಟ ಹಿಡಿದು ಹಾಕಿಸಿದೆ.

ಮೊದಲ ವಿಚಾರಣೆಯ ದಿನ ಮೇಡಮ್ಮೂ ನಾನೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಸಿನಿಮಾದಂಥದ್ದೇನೂ ಇರಲಿಲ್ಲ. ಎಲ್ಲರೂ ಮೆಲ್ಲಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಫ್ಯಾನು ಅವರಿಗಿಂತ ಜೋರಾಗಿ ಮಾತಾಡುತ್ತಿತ್ತು. ನಮ್ಮ ಸರದಿ ಬಂದಾಗ ನಮ್ಮ ವಕೀಲರು ಎರಡು ನಿಮಿಷ ಮಾತಾಡಿದರು. ಸರ್ಕಾರಿ ವಕೀಲರು ಎದ್ದು, ಮದ್ಯ ತಯಾರಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲ, ಅದು ಸರ್ಕಾರ ಷರತ್ತು ಹಾಕಿ ಕೊಡುವ ಸವಲತ್ತು ಎಂದರು. ನಮ್ಮ ವಕೀಲರು ಅದಕ್ಕೆ ಎದುರಾಡಲಿಲ್ಲ. ನಾನು ಗೇಟಿನ ಹತ್ತಿರ ಘಂಟಾಘೋಷವಾಗಿ ಹೇಳಿದ್ದು ಹೀಗೆ ಅರ್ಧ ನಿಮಿಷದಲ್ಲಿ ಬಿದ್ದುಹೋಯಿತು. ಆಮೇಲೆ ಸರ್ಕಾರಿ ವಕೀಲರು ಒಂದು ಹಾಳೆ ಎತ್ತಿಕೊಂಡು, “ಇದು ಅರ್ಜಿದಾರರದೇ ಪತ್ರ” ಎಂದು ಕನ್ನಡದಲ್ಲಿ ಓದಲು ಶುರುಮಾಡಿದರು.

“ದೈವಾಧೀನರಾದ ಕ್ಷಣದಲ್ಲಿಯೇ, ಅವರ ಉಸಿರೇ ಆಗಿದ್ದ...”

ಅಷ್ಟು ಹೊತ್ತು ತಲೆ ತಗ್ಗಿಸಿ ಬರೆಯುತ್ತಿದ್ದ ಕಿರಿಯ ವಕೀಲರೆಲ್ಲ ತಲೆ ಎತ್ತಿದರು. ‘ಅಸ್ತಂಗತವಾಗಿ’ ಎಂಬಲ್ಲಿ ಯಾರೋ ಕೆಮ್ಮಿದರು. ಓದಿ ಮುಗಿದಾಗ ನ್ಯಾಯಮೂರ್ತಿಗಳು ಕನ್ನಡಕ ತೆಗೆದು ಕೇಳಿದರು, “ಇದನ್ನ ಬರ್ದೋರು ಯಾರು?”

“ಸಂಸ್ಥೆಯ ಅಧಿಕೃತ ಪ್ರತಿನಿಧಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದವರೇ,” ಎಂದರು ನಮ್ಮ ವಕೀಲರು. ಹಿಂತಿರುಗಿ ನೋಡದ ದೊಡ್ಡತನ ಅವರಲ್ಲಿತ್ತು. ಆದರೆ ಮೇಡಂ ನೋಡಿಬಿಟ್ಟರು. ನಾನು ಬೆಂಚಿನ ಕೆಳಗೆ ಬೀಳದೇ ಇದ್ದ ಪೆನ್ನನ್ನು ಹುಡುಕುತ್ತಿದ್ದೆ.

“ಕನ್ನಡ ಚೆನ್ನಾಗಿದೆ,” ಎಂದರು ನ್ಯಾಯಮೂರ್ತಿಗಳು. “ಕಾನೂನು ಬೇರೆ ಯಾರನ್ನಾದ್ರೂ ಕೇಳಬಹುದಿತ್ತು.”

ವಿಚಾರಣೆ ಮುಂದಕ್ಕೆ ಹೋಯಿತು. ಎರಡು ವಾರ ಎಂದದ್ದು ಐದು ವಾರವಾಯಿತು.

ಆ ದಿನಗಳಲ್ಲಿ ನಾನು ಪ್ರತಿದಿನ ಎಂದಿನಂತೆ ಡಬ್ಬಿ ಹಿಡಿದುಕೊಂಡು ಮನೆಯಿಂದ ಹೊರಡುತ್ತಿದ್ದೆ. ಹೋಗಿ ಸೀಲ್ ಹಾಕಿದ ಗೇಟಿನ ಹೊರಗೆ, ವಾಚ್‌ಮನ್ ಕುರ್ಚಿಯಲ್ಲಿ ಕೂರುತ್ತಿದ್ದೆ. ಇನ್‌ಸ್ಪೆಕ್ಟರಿಗೆ ಬೇರೆ ಕಡೆ ವರ್ಗವಾಗಿರಲಿಲ್ಲ. ಅವರ ಡ್ಯೂಟಿ ಇನ್ನೂ ಅಲ್ಲೇ. ಅವರೂ ಬಂದು ಕೂರುತ್ತಿದ್ದರು. ಕೇಸು ಹಾಕಿದವನೂ ಸೀಲ್ ಹಾಕಿದವರೂ ಎದುರುಬದುರು ಕೂತು ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುತ್ತಿದ್ದೆವು.

ಹೀಗೊಂದು ದಿನ ಸಂಜೆ ಮನೆಗೆ ಬಂದರೆ ತಂದೆ ಹಾಲ್‌ನಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ರಿಜಿಸ್ಟರ್ಡ್ ಪೋಸ್ಟಿನ ಲಕೋಟೆ. ಸೀಲಾದ ಕೋಣೆಯಲ್ಲಿ ಉಳಿದಿರುವ ಸ್ಪಿರಿಟ್ಟಿನ ವಿವರ ಕೇಳಿ ಇಲಾಖೆ ಬರೆದದ್ದು. ನಾನು ಕೊಟ್ಟ ವಿಳಾಸಕ್ಕೆ ಬಂದಿತ್ತು. ‘ಮದ್ಯ ತಯಾರಿಕಾ ಘಟಕ’ ಎಂಬುದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ನನ್ನ ಹೆಸರು, ‘ಬಿನ್’ ಎಂದು ಅವರ ಹೆಸರು.

“ಏನೋ ಇದು? ನನ್ನ ಹೆಸ್ರೂ ಇದೆ ಇದ್ರಲ್ಲಿ.”

ಹೇಳಿದೆ. ಬೇರೆ ದಾರಿ ಇರಲಿಲ್ಲ. ಪೂರ್ತಿ ಕೇಳಿಸಿಕೊಂಡು ಅವರು ಮದ್ಯದ ಬಗ್ಗೆ ಏನೂ ಕೇಳಲಿಲ್ಲ.

“ಮತ್ತೆ ಜ್ಯೂಸು? ಎದುರು ಮನೆ ನಾಮಕರಣಕ್ಕೆ ತಂದ್ಕೊಟ್ಟೆಯಲ್ಲ?”

“ದಾಸರಹಳ್ಳಿ ಅಂಗಡೀದು ಅಪ್ಪ.”

ಅವರ ಮುಖ ಆಗ ಬಾಡಿಹೋಯಿತು. “ನೀನು ಸುಳ್ಳು ಹೇಳಿದ್ದು ಒಬ್ಬನಿಗೆ. ಇಡೀ ಬಡಾವಣೆಗೆ ಹೇಳಿದ್ದು ನಾನು ಕಣೋ. ಹನ್ನೆರಡು ವರ್ಷ.” ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಎದುರು ಮನೆ, ಪಕ್ಕದ ಮನೆ, ವಾಕಿಂಗ್ ಗೆಳೆಯರ ಮನೆ, ಒಂದೊಂದಕ್ಕೂ ಹೋಗಿ, “ನನ್ನ ಮಗ ಮಾಡೋದು ಬ್ರಾಂದಿ. ನನಗೆ ಗೊತ್ತಿರಲಿಲ್ಲ, ತಪ್ಪು ತಿಳ್ಕೊಬೇಡಿ” ಎಂದು ಹೇಳಿ ಬಂದರು. ಆಮೇಲೆ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾನು ತಲೆ ತಗ್ಗಿಸಿ ಓಡಾಡಿದೆ. ಆದರೆ ಆ ಮೂರು ದಿನಗಳಲ್ಲೇ, ಮಾತಿಗೆ ಮೊದಲು ದೇವರ ಹೆಸರು ಹೇಳುವ ಇಬ್ಬರು ಹಿರಿಯರು ನನ್ನನ್ನು ಮೂಲೆಯಂಗಡಿಯ ಹತ್ತಿರ ನಿಲ್ಲಿಸಿ, ಫ್ಯಾಕ್ಟರಿ ರೇಟಿನಲ್ಲಿ ಒಂದು ಬಾಟಲಿ ಸಿಗಬಹುದೇ ಎಂದು ಮೆಲ್ಲಗೆ ವಿಚಾರಿಸಿದ್ದೂ ನಿಜ.

ನಾಲ್ಕನೆಯ ದಿನ ಭಾನುವಾರ. ತಂದೆ ಕಾಫಿ ಲೋಟ ಕೆಳಗಿಟ್ಟು, “ಜೈಲಿಗೇನಾದ್ರೂ ಹಾಕ್ತಾರಾ?” ಎಂದರು. ಇಲ್ಲ ಎಂದೆ. “ಕೇಸಿನ ಕಾಗ್ದ ಎಲ್ಲಾ ತಗೊಂಬಾ.”

ತಂದುಕೊಟ್ಟೆ. ಅವರು ಕೆಂಪು ಪೆನ್ಸಿಲ್, ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಊಟದ ಮೇಜಿನ ಮುಂದೆ ಕೂತರು. ಮೂವತ್ತಾರು ವರ್ಷ ಅವರು ಮಾಡಿದ್ದೇ ಆ ಕೆಲಸ. ಡ್ರಾಯಿಂಗಿನಲ್ಲಿ ಏನಿದೆ, ಕೈಯಲ್ಲಿರುವ ಪೀಸಿನಲ್ಲಿ ಏನಿದೆ ಎಂದು ತಾಳೆ ನೋಡುವುದು, ಹೊಂದದಿದ್ದರೆ ಪಕ್ಕಕ್ಕಿಡುವುದು. ಕಾನೂನು ಅವರಿಗೆ ಏನೂ ಗೊತ್ತಿರಲಿಲ್ಲ. ಅದೇ ನಮಗೆ ಒಳ್ಳೆಯದಾಯಿತು. ಗೊತ್ತಿರುವವನು ನಾನಾಗಿದ್ದೆನಲ್ಲ.

ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಕರೆದರು.

“ಇಲ್ಲಿ ಬಾ. ಡ್ರಾಯಿಂಗ್ ಒಂದು ಹೇಳುತ್ತೆ, ಪೀಸ್ ಒಂದು ಹೇಳುತ್ತೆ. ಹನ್ನೆರಡನೇ ಪುಟದಲ್ಲಿ ಸಂಸ್ಥೆ ಮುಳುಗೋಯ್ತು ಅಂತೀಯ. ಅಸ್ತಂಗತ ಅಂತೆ, ಸೂರ್ಯನೇನೋ ಅದು? ಈಗ ನಲವತ್ತೊಂದನೇ ಪುಟ ನೋಡು.”

ನಲವತ್ತೊಂದನೆಯ ಪುಟ ಪಾಲುದಾರಿಕೆ ಪತ್ರದ ಪ್ರತಿ. ಅದರ ಕೊನೆಯ ಕಡೆ ಒಂದು ಷರತ್ತಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಪಾಲುದಾರರಲ್ಲಿ ಯಾರೇ ತೀರಿಕೊಂಡರೂ ಸಂಸ್ಥೆ ವಿಸರ್ಜನೆಯಾಗತಕ್ಕದ್ದಲ್ಲ, ಉಳಿದ ಪಾಲುದಾರರು ಅದನ್ನು ಮುಂದುವರಿಸಿಕೊಂಡು ಹೋಗತಕ್ಕದ್ದು. ಮೇಡಂ ಮೊದಲಿನಿಂದಲೂ ಪಾಲುದಾರರೇ. ಅವರಿಗೆ ಲೈಸೆನ್ಸ್ ವಾರಸಾಗಿ ಬರಬೇಕಾದ ಅಗತ್ಯವೇ ಇರಲಿಲ್ಲ.

“ತೀರ್ಕೊಂಡಿದ್ದು ಮನುಷ್ಯ ಕಣೋ. ಸಂಸ್ಥೆ ಬದುಕಿತ್ತು. ನೀನು ಅದನ್ನೂ ಜೊತೇಲೇ ಮಣ್ಣು ಮಾಡ್ಬಿಟ್ಟೆ.”

ಆ ಪತ್ರವನ್ನು ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿದವನು ನಾನೇ. ಓದಿರಲಿಲ್ಲ. ನನ್ನ ಪತ್ರವನ್ನು ಮಾತ್ರ ಮತ್ತೆ ಮತ್ತೆ ಓದಿದ್ದೆ.

ಮರುದಿನ ವಕೀಲರ ಆಫೀಸಿಗೆ ಓಡಿದೆ. ಅವರು ಆ ಷರತ್ತನ್ನು ಎರಡು ಸಲ ಓದಿ, ಕುರ್ಚಿಗೆ ಒರಗಿ, “ಛೆ! ಇದು ನನ್ನ ಕಣ್ಣಿಗೂ ಬೀಳಲಿಲ್ಲವಲ್ರೀ. ನೀವು ಹೇಳಿದ್ದನ್ನೇ ಹಿಡ್ಕೊಂಡು ಹೋದೆ. ಯಾರು ಹುಡುಕಿದ್ದು?” ಎಂದರು.

ಬಾಯಿಗೆ ಬಂದದ್ದು, “ಭಾನುವಾರ ಪೂರ್ತಿ ಕೂತು ನೋಡ್ದೆ ಸಾರ್.” ಇದೂ ಬೆವರೇಜಸ್ ಜಾತಿಯ ಸತ್ಯವೇ. ನಾನು ಭಾನುವಾರ ಪೂರ್ತಿ ಕೂತಿದ್ದೆ, ತಂದೆಯನ್ನು ನೋಡುತ್ತಿದ್ದೆ.

ಎರಡನೆಯ ವಿಚಾರಣೆಗೆ ತಂದೆ ತಾವೂ ಬರುತ್ತೇನೆ ಎಂದು ಹಟ ಹಿಡಿದರು. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಬದಲಿಸಿ, ಕೋರ್ಟ್ ಮುಟ್ಟಿದೆವು. ಕಾರಿಡಾರಿನಲ್ಲಿ ವಕೀಲರು ಸಿಕ್ಕಿ ಕೈಮುಗಿದು, “ನಿಮ್ಮ ಮಗ ಆ ಷರತ್ತು ಹುಡುಕದೇ ಇದ್ದಿದ್ರೆ ಕೇಸು ಕಷ್ಟ ಇತ್ತು” ಎಂದರು.

ತಂದೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕೆಂಪು ಬಣ್ಣದ ಗುಣಮಟ್ಟ ನೋಡುತ್ತಿದ್ದೆ.

“ಹೌದಾ,” ಎಂದರು ತಂದೆ. “ಚಿಕ್ಕಂದಿನಿಂದಲೂ ಸೂಕ್ಷ್ಮ.”

ಬೈದಿದ್ದರೆ ಅಲ್ಲಿಗೇ ಮರೆತುಬಿಡುತ್ತಿದ್ದೆ. ಆ ಎರಡು ಪದ ಒಂದು ವಾರ ನನ್ನನ್ನು ತಿಂದವು. ಕೊನೆಗೆ ವಕೀಲರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. “ಗೊತ್ತಿತ್ತು ಬಿಡ್ರಿ. ನೀವು ತಂದ ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ‘ದಡ್ಡ, ಇದನ್ನು ಓದು’ ಅಂತ ಇತ್ತಲ್ಲ.”

ಅವತ್ತಿನ ವಿಚಾರಣೆ ಮಾತ್ರ ಹತ್ತು ನಿಮಿಷದಲ್ಲಿ ಮುಗಿದಿತ್ತು. ಸರ್ಕಾರಿ ವಕೀಲರೂ ಷರತ್ತನ್ನು ಓದಿ ಹೆಚ್ಚು ವಾದಿಸಲಿಲ್ಲ. ಆದೇಶದ ಸಾರ ಇಷ್ಟು: ಅರ್ಜಿದಾರರೇ ಬರೆದುಕೊಟ್ಟದ್ದನ್ನು ನಂಬಿದ್ದಕ್ಕೆ ಅಧಿಕಾರಿಗಳನ್ನು ದೂರಲಾಗದು. ಆದರೆ ಆ ಪತ್ರ ತಪ್ಪು ತಿಳಿವಳಿಕೆಯಿಂದ ಬರೆದದ್ದು. ತಿರಸ್ಕಾರದ ಆದೇಶ ರದ್ದು. ಪಾಲುದಾರಿಕೆ ಪತ್ರವನ್ನು ನೋಡಿ ಅರ್ಜಿಯನ್ನು ಆರು ವಾರದೊಳಗೆ ಮತ್ತೆ ಪರಿಶೀಲಿಸಬೇಕು. ‘ತಪ್ಪು ತಿಳಿವಳಿಕೆ’ ಎಂಬ ಆ ಎರಡು ಪದ ಮಾತ್ರ ನನ್ನ ಬಗ್ಗೆ. ನ್ಯಾಯಾಂಗಕ್ಕೆ ನನ್ನ ಕೊಡುಗೆ ಅದು.

ಗೆದ್ದೆವೆಂದು ನಾನು ಮೈಸೂರುಪಾಕ್ ತಂದು ಮಾಕಳಿಯಲ್ಲಿ ಹಂಚಿದೆ. ಮೇಸ್ತ್ರಿಣಿ ತುಂಡು ಕೈಯಲ್ಲಿ ಹಿಡಿದೇ ಕೇಳಿದರು, “ಹಂಗಾದ್ರ ನಾಳಿ ಬಾಗಲಾ ತಗೀತಾರೇನ್ರಿ?”

“ನಾಳೆ ಅಲ್ಲ ಅಕ್ಕ. ಅಧಿಕಾರಿಗಳು ಯೋಚ್ನೆ ಮಾಡ್ಬೇಕು ಅಂತ ಕೋರ್ಟು ಹೇಳಿದೆ.”

“ಯೋಚ್ನಿ ಮಾಡಾಕ ಕೋರ್ಟ್ ಹೇಳಬೇಕಾತ್ರಿ?” ಎಂದು ಅವರು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಆ ಆರು ವಾರಗಳ ಮಧ್ಯೆಯೇ ಆಯುಧಪೂಜೆ ಬಂತು. ಪೂಜೆ ಮಾಡಲು ಯಂತ್ರಗಳೆಲ್ಲ ಒಳಗೆ. ಮೇಡಂ ಗೇಟಿಗೇ ಮಾಡೋಣ ಎಂದರು. ಬಂದಿದ್ದ ಏಳೆಂಟು ಹೆಂಗಸರು ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಮೇಸ್ತ್ರಿಣಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು, ಬೀಗಕ್ಕೆ ಹಚ್ಚಿ, ಅದೇ ಕೈಯಲ್ಲಿ ಸರ್ಕಾರದ ಅರಗಿನ ಸೀಲಿಗೂ ಹಚ್ಚಿಬಿಟ್ಟರು.

ಇನ್‌ಸ್ಪೆಕ್ಟರ್ ಹೌಹಾರಿದರು. “ಅಮ್ಮಾ, ಅದನ್ನ ಮುಟ್ಟಂಗಿಲ್ಲ! ಸೀಲ್ ಕೆಡಿಸಿದ್ರು ಅಂತ ಆಯ್ತದೆ!”

“ಕೆಡಿಸಿಲ್ರಿ, ಪೂಜಿ ಮಾಡೀನಿ. ಇಷ್ಟ ದಿನಾ ಕಾದದಲ್ರಿ ಪಾಪ, ಅದೂ,” ಎಂದರು ಆಕೆ.

ಇನ್‌ಸ್ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು, ಫೋನ್ ತೆಗೆದು ಸೀಲಿನ ಫೋಟೋ ಹೊಡೆದುಕೊಂಡು, ಆಮೇಲೆ ಟೋಪಿ ತೆಗೆದು ಮಂಗಳಾರತಿ ತೆಗೆದುಕೊಂಡರು.

ಇಲಾಖೆಯ ವಿಚಾರಣೆಗೆ ಮೇಡಂ, ವಕೀಲರು, ಫೈಲ್ ಹೊತ್ತುಕೊಂಡು ನಾನು ಹೋದೆವು. ಅಧಿಕಾರಿ ಪಾಲುದಾರಿಕೆ ಪತ್ರ ಕೇಳಿ ತೆಗೆದುಕೊಂಡು, ಓದಿ, ನಮ್ಮ ಕಡೆ ನೋಡಿದರು. “ಇದನ್ನ ಅವತ್ತೇ ಕೊಟ್ಟಿದ್ರೆ ಜೂನಲ್ಲೇ ಮುಗೀತಿತ್ತಲ್ರೀ?”

“ಹೌದು ಸಾರ್,” ಎಂದೆ. ಆ ಇಲಾಖೆಗೆ ನಾನು ಕೊಟ್ಟ ಅತ್ಯುತ್ತಮ ಉತ್ತರ ಅದೇ.

ದೀಪಾವಳಿ ಕಳೆದ ಮೇಲೆ ಲೈಸೆನ್ಸ್ ಬಂತು. ಇನ್‌ಸ್ಪೆಕ್ಟರ್ ತಾವು ಹಾಕಿದ ಸೀಲನ್ನು ತಾವೇ ಒಡೆದರು. ಒಳಗೆ ಬೆಲ್ಟಿನ ಮೇಲೆ ಜೂನ್ ತಿಂಗಳಿನ ಬಾಟಲಿಗಳು ಹಾಗೇ ಸಾಲಾಗಿ ಧೂಳು ಹಿಡಿದು ನಿಂತಿದ್ದವು. ಮೇಡಂ ಮೊದಲ ಸಲ ಗಂಡನ ಕುರ್ಚಿಯನ್ನು ಒರೆಸಿ, ಅದರಲ್ಲಿ ಕೂತರು.

ಲೇಬಲ್ ವಿಭಾಗಕ್ಕೆ ಅರ್ಧದಷ್ಟು ಹೆಂಗಸರೂ ಹಿಂತಿರುಗಲಿಲ್ಲ. ಕೆಲವರು ಊರಿಗೆ ಹೋಗಿದ್ದರು, ಕೆಲವರು ಬೇರೆ ಕೆಲಸ ಹಿಡಿದಿದ್ದರು. ಮೇಸ್ತ್ರಿಣಿಯೂ ಬರಲಿಲ್ಲ. ಆಯುಧಪೂಜೆಯಾದ ವಾರವೇ ಪೀಣ್ಯದ ಒಂದು ಗಾರ್ಮೆಂಟ್ಸ್‌ಗೆ ಸೇರಿದ್ದರಂತೆ. ಕರೆದುಕೊಂಡು ಬನ್ನಿ ಎಂದು ಮೇಡಂ ನನ್ನನ್ನು ಕಳಿಸಿದರು. ಭಾನುವಾರ ಬೆಳಿಗ್ಗೆ ವಿಚಾರಿಸಿಕೊಂಡು ಅವರ ರೂಮಿಗೆ ಹೋದೆ. ಒಂದೇ ಸಾಲಿನಲ್ಲಿ ಎಂಟು ಶೀಟಿನ ಮನೆಗಳು, ಎದುರಿಗೆ ನೀರಿನ ಡ್ರಮ್ಮುಗಳು. ಅವರು ಹೊರಗೆ ರೊಟ್ಟಿ ತಟ್ಟುತ್ತಿದ್ದರು. ಕೈ ತೊಳೆದು ಬಂದು ಚಹಾ ಕೊಟ್ಟರು.

“ಬನ್ನಿ ಅಕ್ಕ. ಮೇಡಂ ಕರೀತಿದಾರೆ.”

“ಅಲ್ಲಿ ಗಾರ್ಮೆಂಟ್ಸ್‌ನ್ಯಾಗ ಬಾಳ ಬೈತಾರ್ರಿ, ಖರೇ. ಆದ್ರ ತಿಂಗಳಾ ತಿಂಗಳಾ ಬಾಗಲಾ ತಗದಿರ್ತದ. ನನ್ ಮನ್ಯಾಗ ಇಬ್ರು ಸಾಲಿಗೆ ಹೋಗೂ ಹುಡುಗ್ಯಾರ ಅದಾರ. ಮತ್ತ ಜೂನ್ ಬಂದ್ರ ನಾ ಏನ ಮಾಡ್ಲಿ?”

ಇನ್ನು ಹಾಗಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹದಿನೈದು ದಿನ ಎಂದು ಹೇಳಿದ್ದ ಬಾಯಿಯೇ ಅದು, ಮುಚ್ಚಿಕೊಂಡೆ.

“ಕೋರ್ಟಿನ್ಯಾಗ ನಮ್ದೂ ಬರದಿದ್ರಂತಲ್ರಿ?” ಎಂದರು ಅವರು. “ಹೆಸರ ಹಾಕಿದ್ರೇನ್ರಿ?”

“ಹೆಸರಲ್ಲ ಅಕ್ಕ, ಎಷ್ಟು ಜನ ಅಂತ ಮಾತ್ರ. ಮೂವತ್ತೆಂಟು.”

ಅವರು ಬೆರಳು ಮಡಚುತ್ತ ಮನಸ್ಸಿನಲ್ಲೇ ಸಾಲಾಗಿ ಎಣಿಸಿದರು. “ನಲವತ್ತೊಂದ ಇದ್ವಿರಿ. ಬಾಣಂತನಕ್ಕ ಹೋದಾಕಿ ಒಬ್ಬಾಕಿ, ಜ್ವರಾ ಬಂದ ಮಲಗಿದ್ದಾಕಿ ಒಬ್ಬಾಕಿ, ಆಮ್ಯಾಲ ನಾ. ನನ್ನ ನೀವು ಲೈನಿನ್ಯಾಗ ಎಣಸಾಂಗಿಲ್ಲ.”

ಹಾಜರಿ ಪುಸ್ತಕದಲ್ಲಿ ಅವತ್ತು ಇದ್ದವರನ್ನು ಎಣಿಸಿ ನಾನು ಪ್ರಮಾಣ ಮಾಡಿದ್ದೆ. ಮೇಸ್ತ್ರಿಣಿಯ ಹೆಸರು ಬೇರೆ ಹಾಳೆಯಲ್ಲಿತ್ತು. ಹೈಕೋರ್ಟಿನ ಮುಂದೆ ‘ಇದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ’ ಎಂದು ಸಹಿ ಹಾಕಿದವನ ತಿಳಿವಳಿಕೆ ಅಷ್ಟು. ಕೋರ್ಟಿನಲ್ಲಿ ಎಲ್ಲರೆದುರು ನನ್ನ ಪತ್ರ ಓದಿದಾಗ ಆಗದ ಅವಮಾನ ಆ ಚಹಾ ಲೋಟ ಹಿಡಿದು ಕೂತಾಗ ಆಯಿತು. ತಪ್ಪಾಯ್ತು ಅಕ್ಕ ಎಂದೆ. ಅದಕ್ಕೆ ಅವರು, “ಇರ್ಲಿ ಬಿಡ್ರಿ, ಚಹಾ ಆರ್ತದ” ಎಂದರು.

ಹೊರಟಾಗ ಅವರು ಒಳಗಿನಿಂದ ಒಬ್ಬ ಯುವತಿಯನ್ನು ಕರೆದರು. ಅವರ ನಾದಿನಿ, ಹೋದ ತಿಂಗಳಷ್ಟೇ ಊರಿಂದ ಬಂದವಳು. “ಈಕಿನ್ನ ಕರ್ಕೊಂಡ ಹೋಗ್ರಿ. ಪಿಯುಸಿ ಪಾಸಾಗ್ಯಾಳ. ಲೇಬಲ್ ಹಚ್ಚೂದು ನಾ ಹೇಳಿಕೊಡ್ತೀನಿ.” ನಗುವನ್ನು ಸೆರಗಿನಲ್ಲಿ ಒರೆಸಿಕೊಂಡು ಸೇರಿಸಿದರು, “ಏನಾರ ಬರಿಯೂದಿದ್ರ ಈಕಿ ಕಡಿಂದ ಬರಸ್ರಿ ಸರ. ಓದಿ ಆಮ್ಯಾಗ ಬರೀತಾಳ.”

ಆ ಹುಡುಗಿ ಸೋಮವಾರ ಬೆಳಿಗ್ಗೆ ಎಂಟಕ್ಕೇ ಗೇಟಿನ ಹತ್ತಿರ ನಿಂತಿದ್ದಳು. ಹಾಜರಿ ಪುಸ್ತಕ ಕೊಟ್ಟೆ. ಸಹಿ ಹಾಕುವ ಮೊದಲು ಅವಳು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ನಾನು ಪಕ್ಕದಲ್ಲಿ ಕಾಯುತ್ತ ನಿಂತೆ.